ಜಿಗಣೆಯ ಮೇಲೆ ಹೊರಿಸಿದ ರಕ್ತ

ಕಾಲುವೆ ಬರುವ ಮೊದಲು ನಮ್ಮ ಕಡೆಯವರಿಗೆ ಜಿಗಣೆಯ ಪರಿಚಯವಿರಲಿಲ್ಲ. ಜೋಳ, ತೊಗರಿ, ಶೇಂಗಾ ಬೆಳೆಯುವ ಒಣಭೂಮಿಯಲ್ಲಿ ಚೇಳಿಗೆ ಮದ್ದಿತ್ತು, ಹಾವಿಗೆ ಮಂತ್ರವಿತ್ತು. ನೀರಿಗೆ ಇಳಿದವರ ಮೀನಖಂಡಕ್ಕೆ ಸದ್ದಿಲ್ಲದೆ ಅಂಟಿಕೊಂಡು, ಹೊಟ್ಟೆ ತುಂಬಿದ ಮೇಲೆ ತಾನೇ ಉದುರಿಬೀಳುವ ಹುಳುವಿಗೆ ಒಂದು ಹೆಸರಿಡುವ ಅಗತ್ಯವೇ ಬಿದ್ದಿರಲಿಲ್ಲ. ಶಹಾಪುರದ ಸುತ್ತಲಿನ ಹೊಲಗಳು ಗದ್ದೆಗಳಾದ ಮೇಲೆ ಅದು ಬಂತು. ಎಲೆ ಅಡಿಕೆಗೆಂದು ಹೆಂಗಸರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಸುಣ್ಣದ ಡಬ್ಬಿಗೆ ಆಗ ಎರಡನೆಯ ಕೆಲಸ ಸಿಕ್ಕಿತು. ಕಚ್ಚಿದ ಜಿಗಣೆಯ ಮೇಲೆ ಒಂದು ಬೆರಳು ಸುಣ್ಣ ಇಟ್ಟರೆ ಅದು ಮುದುಡಿ ನೀರಿಗೆ ಬೀಳುತ್ತಿತ್ತು.

ಇದನ್ನೆಲ್ಲ ನನಗೆ ಹೇಳಿದವಳು ಸಣ್ಣವ್ವ, ನನ್ನ ಅವ್ವನ ತಂಗಿ. ನಾನು ಹುಟ್ಟುವ ಹೊತ್ತಿಗೆ ಕಾಲುವೆಯ ಸಿಮೆಂಟು ಆಗಲೇ ಬಿರುಕು ಬಿಟ್ಟಿತ್ತು. ಸುರಪುರದ ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಮಣ್ಣು ಮಾಡಿ ಬಂದ ದಿನವೇ ಸಣ್ಣವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಹಾಪುರದ ಬಸ್ಸು ಹತ್ತಿದಳಂತೆ. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಉಪಕಾಲುವೆಗಳ ಕಾಮಗಾರಿಗೆ ಮೊರಂ ಮಣ್ಣು ಹೊರುವ ಟಿಪ್ಪರ್ ಓಡಿಸುತ್ತಿದ್ದ. ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಕೊನೆಗೊಮ್ಮೆ ಇಳಿಯದ ಜ್ವರ ಹೊತ್ತುಕೊಂಡು ಬಂದವನು ಹೊರಗೆ ಹೋದದ್ದು ನಾಲ್ವರ ಹೆಗಲ ಮೇಲೆ. ಅವನ ರಕ್ತದಲ್ಲಿ ಎಚ್‌ಐವಿ ಇತ್ತೆಂದು ಗೊತ್ತಾದ ಮೇಲೆ ಅವಳ ರಕ್ತವನ್ನೂ ನೋಡಿದರು. ಅವಳಲ್ಲೂ ಇತ್ತು. ರೋಗ ಕೊಟ್ಟವನು ಗಂಡ. ತಪ್ಪು ಹುಡುಕಿದ್ದು ಮಾತ್ರ ಅವಳಲ್ಲಿ. ಅತ್ತೆಯ ಮನೆಯವರು ಅವಳ ತಾಟು, ಲೋಟ ಬೇರೆ ಇಟ್ಟಾಗ ಅವಳು ಜಗಳ ಮಾಡಲಿಲ್ಲ. ಆ ತಾಟು ಲೋಟಗಳನ್ನೇ ಎತ್ತಿಕೊಂಡು, ನನ್ನ ಕೈಹಿಡಿದು, ಊರ ಕೊನೆಯ ಒಂದಂಕಣದ ಮನೆಗೆ ಬಂದುಬಿಟ್ಟಳು.

ನನಗೆ ಈ ವಿಷಯ ತಿಳಿದದ್ದು ಕಾಲೇಜು ಸೇರಿದ ಮೇಲೆ. ಅದೂ ಆಸ್ಪತ್ರೆಯವರು ಕೊಟ್ಟ ಹಸಿರು ಪುಸ್ತಕವನ್ನು ಓದಿ ಹೇಳಲು ಅವಳಿಗೆ ಒಬ್ಬರು ಬೇಕಾಗಿದ್ದರು ಎಂಬ ಕಾರಣಕ್ಕೆ.

“ಅಳಬ್ಯಾಡ ಮಗಳ,” ಎಂದಳು. “ಗುಳಿಗಿ ಅದಾವ. ದಿನಾ ನುಂಗಿದ್ರ ಮುದುಕಿ ಆಗೋತನಕ ಇರ್ತೀನಂತ. ನಿನ್ನ ಮದುವ್ಯಾಗ ಕುಣೀತೀನಿ ನೋಡು.”

“ನಾ ಮದುವಿ ಆಗಂಗಿಲ್ಲ.”

“ಹಂಗಾರ ಕುಣ್ಯಾದು ಉಳೀತು. ಕಾಲರ ನೋಯಂಗಿಲ್ಲ.”

ಸಣ್ಣವ್ವ ನಾಟಿಯ ಗುಂಪಿನಲ್ಲಿ ದುಡಿಯುತ್ತಿದ್ದಳು. ಹನ್ನೆರಡು ಹೆಂಗಸರ ಗುಂಪು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಸಾಕು, ಒಂದು ಗದ್ದೆಯಿಂದ ಇನ್ನೊಂದಕ್ಕೆ, ಒಂದು ಊರಿನಿಂದ ಮತ್ತೊಂದಕ್ಕೆ ಹೋಗಿ ಭತ್ತದ ಸಸಿ ಹಚ್ಚುವುದು. ಗುಂಪಿನ ಮುಂದಾಳನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವ, ಗದ್ದೆಯಲ್ಲಿ ಕನ್ನಡದಲ್ಲಿ ಬಯ್ಯುವ, ದವಡೆಯಲ್ಲಿ ಸದಾ ತಂಬಾಕು ಇಟ್ಟುಕೊಂಡಿರುವ ಹೆಂಗಸು. ನಾಟಿಯವರು ಸಾಲಾಗಿ ಬಗ್ಗಿ, ಸಸಿ ಊರುತ್ತ, ಹಿಂದಕ್ಕೆ ಹೆಜ್ಜೆ ಇಡುತ್ತಾರೆ. “ದುನಿಯಾದಾಗ ಹಿಂದಕ್ಕ ಹೋಗಿ ಮುಗಸೋ ಕೆಲಸ ಇದೊಂದ ನೋಡ್ರಿ,” ಎನ್ನುತ್ತಿದ್ದಳು ಖಾಲಾ, ಪ್ರತಿ ಹಂಗಾಮಿನಲ್ಲೂ, ಮೊದಲ ಸಲ ಹೇಳುತ್ತಿರುವಂತೆ.

ಆ ಗದ್ದೆಗಳಿಗೆ ಒಂದು ಕಟ್ಟಳೆ ಇತ್ತು. ಮುಟ್ಟಾದವಳು ಇಳಿದರೆ ಸಸಿ ಕೆಂಪಾಗುತ್ತವೆ ಎಂದು ಹೊಲದೊಡೆಯರು ನಂಬಿದ್ದರು. ಆದ್ದರಿಂದ ತಿಂಗಳಲ್ಲಿ ಆ ಮೂರು ದಿನ ಯಾರೇ ಆದರೂ ಸಾಲು ಬಿಟ್ಟು, ಕೂಲಿಯಿಲ್ಲದೆ ಬದುವಿನ ಮೇಲೆ ಕೂರಬೇಕು. ಒಣಭೂಮಿಯ ಕಾಲದಲ್ಲಿ ಇಲ್ಲದ ಈ ಕಟ್ಟಳೆಯೂ ನೀರಿನೊಡನೆ ಎಲ್ಲಿಂದಲೋ ಹರಿದು ಬಂದದ್ದು. ಮೂರು ದಿನವೆಂದರೆ ಸರಿ. ತಿಂಗಳಲ್ಲಿ ಹದಿನೈದು ದಿನ ರಕ್ತ ಕಾಣುವ ಹೆಂಗಸು ಏನು ಮಾಡಬೇಕು? ಈ ಪ್ರಶ್ನೆಗೆ ಕಟ್ಟಳೆಯಲ್ಲಿ ಉತ್ತರವಿರಲಿಲ್ಲ. ಸಣ್ಣವ್ವ ತನ್ನದೇ ಉತ್ತರ ಕಂಡುಕೊಂಡಳು.

ನಾನಾಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದವಳು ಸಸಿಯ ಕಟ್ಟುಗಳನ್ನು ಬದುವಿನಿಂದ ಸಾಲಿಗೆ ಎಸೆಯುವ ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಸೀರೆ ಎತ್ತಿ ಕಟ್ಟಿ ಬದು ಹತ್ತಿದಾಗ ಮೊಣಕಾಲ ಕೆಳಗೆ ರಕ್ತದ ಒಂದು ಎಳೆ ಇಳಿದಿರುವುದನ್ನು ಕಂಡೆ.

“ಸಣ್ಣವ್ವ, ರಕ್ತ!”

“ಜಿಗಣಿ ಕಡದದ,” ಎಂದಳು. ಡಬ್ಬಿ ತೆಗೆದು ಮೀನಖಂಡಕ್ಕೆ ಸುಣ್ಣ ಬಳಿದುಕೊಂಡಳು.

ಖಾಲಾ ಬಗ್ಗಿದಲ್ಲಿಂದಲೇ ಕೂಗಿದಳು: “ನಿನ್ನ ಸಣ್ಣವ್ವನ ರಕ್ತ ಸಕ್ಕರಿ ಹಂಗ ಅದ ಕಾಣಸ್ತದ. ಎಲ್ಲಾ ಜಿಗಣಿಗೋಳು ನಮ್ಮನ್ನ ಬಿಟ್ಟು ಆಕೀನ ಹಿಡೀತಾವ.”

“ನಿನ್ನ ರಕ್ತ ಕುಡದ್ರ ಜಿಗಣಿ ಉಳದೀತೇನು ಖಾಲಾ? ಮೈತುಂಬ ತಂಬಾಕ ಹರ್ಯಾಕತ್ತದ.”

ಸಾಲಿಡೀ ನಕ್ಕಿತು. ನಾನೂ ನಕ್ಕೆ. ಕಾಲುವೆಯಿಂದ ಬದಲಾದ ಹಳ್ಳಿಗಳ ಸಾಮಾಜಿಕ ಬದುಕಿನ ಮೇಲೆ ಆ ವರ್ಷ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧ ಮಂಡಿಸಿ ಚಪ್ಪಾಳೆ ಗಿಟ್ಟಿಸಿದ್ದವಳು ನಾನು. ಆ ಎಳೆ ಎಲ್ಲಿಂದ ಇಳಿಯುತ್ತಿದೆ ಎಂದು ಮೊಣಕಾಲಿನ ಮೇಲೆ ಕಣ್ಣು ಹಾಯಿಸಲು ನನಗೆ ಹೊಳೆಯಲಿಲ್ಲ.

ತಿಂಗಳಿಗೊಮ್ಮೆ ಗುಳಿಗೆ ತರಲು ಯಾದಗಿರಿಗೆ ಹೋಗಬೇಕಿತ್ತು. ಆ ದಿನ ನಾನೂ ಕಲಬುರಗಿಯಿಂದ ಬಂದು ಜೊತೆಗೆ ಹೋಗುತ್ತಿದ್ದೆ. ಶಹಾಪುರದಲ್ಲೇ ಸಿಗುತ್ತಿದ್ದರೂ ಸಣ್ಣವ್ವ ಅಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ಯಾರೂ ತಮ್ಮೂರ ಹತ್ತಿರ ಗುಳಿಗೆ ಇಸಿದುಕೊಳ್ಳುವುದಿಲ್ಲ. ಶಹಾಪುರದವರು ಯಾದಗಿರಿಗೆ, ಯಾದಗಿರಿಯವರು ಇನ್ನೆಲ್ಲಿಗೋ. ಕೇಳಿದವರಿಗೆ ಕಣ್ಣು ತೋರಿಸಲು ಹೊರಟಿದ್ದೇವೆ ಎನ್ನುವುದು. ಭೀಮಾ ನದಿಯ ಸೇತುವೆ ಬಂದೊಡನೆ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಬರುವಾಗ ಗುಳಿಗೆಯ ಬಾಟಲಿಯೊಳಗೆ ಹತ್ತಿ ತುರುಕುತ್ತಿದ್ದಳು, ಬಸ್ಸು ಕುಲುಕಿದಾಗ ಗಲಗಲ ಸದ್ದಾಗಬಾರದೆಂದು. ಆ ಸದ್ದು ಬಲ್ಲವರು ಬಸ್ಸಿನಲ್ಲಿ ಇದ್ದೇ ಇರುತ್ತಾರೆ. ಗುಳಿಗೆಯ ಸಾಲಿನಲ್ಲಿ ಮುಖಾಮುಖಿಯಾದವರು ಬಸ್ಸಿನಲ್ಲಿ ಒಬ್ಬರಿಗೊಬ್ಬರು ಅಪರಿಚಿತರು. ಇದು ಯಾರೂ ಕಲಿಸದ, ಯಾರೂ ಮುರಿಯದ ಮರ್ಯಾದೆ.

ಗುಳಿಗೆ ಕೊಡುವ ಮೊದಲು ಮೇಜಿನ ಹಿಂದಿನ ಹೆಣ್ಣುಮಗಳು ತಲೆ ಎತ್ತದೆ ಪ್ರಶ್ನೆಗಳನ್ನು ಓದುತ್ತಿದ್ದಳು. ನಮ್ಮ ಹಿಂದೆ ಒಂದು ಗೇಣು ಅಂತರದಲ್ಲಿ ಗಂಡಸರು ನಿಂತಿರುತ್ತಿದ್ದರು.

“ಕೆಮ್ಮ ಅದೇನು?”

“ಇಲ್ರಿ.”

“ಜ್ವರ? ತೂಕ ಇಳದದೇನು?”

“ಇಲ್ರಿ.”

“ಬಿಳಿ, ಕೆಂಪು ಏನರ ಹೋಗ್ತದೇನು?”

ಸಣ್ಣವ್ವ ನೆಲ ನೋಡುತ್ತಿದ್ದಳು. ಹಿಂದಿನ ಗಂಡಸು ಕೆಮ್ಮಿದ. ನನ್ನ ಕಿವಿ ಬಿಸಿಯಾಯಿತು. ಓದಿದವಳು ನಾನಲ್ಲವೇ, ಉತ್ತರಿಸುವ ಹಕ್ಕು ನನ್ನದೇ ಎಂಬಂತೆ, ಅವಳತ್ತ ತಿರುಗಿಯೂ ನೋಡದೆ ಹೇಳಿದೆ: “ಇಲ್ರಿ.”

ಮುಂದಿನ ತಿಂಗಳೂ ಹಾಗೆಯೇ ಹೇಳಿದೆ. ಅದರ ಮುಂದಿನ ತಿಂಗಳೂ. ಹನ್ನೊಂದು ಸಲ.

ಒಮ್ಮೆ ಆ ಹೆಣ್ಣುಮಗಳು ಪುಸ್ತಕ ತಿರುವಿ, “ಇವರಿಗಿ ಒಳಗಿನ ತಪಾಸಣಿ ಒಮ್ಮಿನೂ ಆಗಿಲ್ಲಲ್ಲ,” ಎಂದಳು. “ಆದ್ರ ಆ ಖೋಲಿ ಕೀಲಿ ಇವತ್ತ ಇಲ್ಲ. ಮುಂದಿನ ಸಲ ನೋಡೋಣ್ರಿ.” ಪಡಸಾಲೆಯ ಕೊನೆಗೆ ಆ ಖೋಲಿ ಇತ್ತು. ಕಿಟಕಿಯ ಗಾಜಿನಲ್ಲಿ ಇಣುಕಿದಾಗ ಹೆಂಗಸರನ್ನು ಮಲಗಿಸಿ ನೋಡುವ ಕಬ್ಬಿಣದ ಮಂಚ ಕಂಡಿತು. ಅದರ ಮೇಲೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಆಗ ನನಗಾದದ್ದು ಸಿಟ್ಟಲ್ಲ, ಸಮಾಧಾನ. ಒಂದೂವರೆಯ ಬಸ್ಸು ತಪ್ಪುವುದಿಲ್ಲ ಎಂಬ ಸಮಾಧಾನ. ಇದನ್ನು ಮುಚ್ಚಿಟ್ಟು ಉಳಿದವರ ಮೇಲೆ ಬೆರಳು ತೋರಿಸುವ ಬರಹ ನನಗೆ ಬೇಡ. ಮುಂದಿನ ಸಲವೂ ಕೀಲಿ ಇರಲಿಲ್ಲ. ಅದರ ಮುಂದಿನ ಸಲ ಆ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಸುಗ್ಗಿಯ ಹೊತ್ತಿಗೆ ನಾನು ಕಲಬುರಗಿಯಲ್ಲಿದ್ದೆ. ಖಾಲಾಳಿಂದ ಫೋನು ಬಂತು. ಅವಳು ಎಂದೂ ಫೋನು ಮಾಡಿದವಳಲ್ಲ.

“ಬೇಟಿ, ಊರಿಗಿ ಬಾ.”

“ಯಾಕ ಖಾಲಾ, ಏನಾಗ್ಯದ?”

“ಗದ್ದಿ ಒಣಗಿ ಹದಿನೈದು ದಿನ ಆತು. ಭತ್ತ ಕೊಯ್ಯಾಕತ್ತೀವಿ. ಒಂದ ಹನಿ ನೀರಿಲ್ಲ. ನಿನ್ನ ಸಣ್ಣವ್ವ ಇನ್ನಾ ಜಿಗಣಿ ಕಡದದ ಅಂತಾಳ.”

ಮನೆಯ ಬಾಗಿಲು ದಾಟುತ್ತಿದ್ದಂತೆ ಊದುಬತ್ತಿಯ ಹೊಗೆ. ನಾಲ್ಕು ಊದುಬತ್ತಿ ಒಟ್ಟಿಗೆ ಹಚ್ಚಿದ್ದಳು. ಆ ಹೊಗೆ ಯಾವ ವಾಸನೆಯನ್ನು ಮುಚ್ಚಲು ಹೆಣಗುತ್ತಿತ್ತೋ ಅದು ಹೊಗೆಯ ಅಡಿಯಲ್ಲೇ ಇತ್ತು. ಹಗ್ಗದ ಮೇಲೆ ತೊಳೆದ ಬಟ್ಟೆಗಳ ಸಾಲು. ಅವಳ ಎಡಗಾಲು ತೊಡೆಯಿಂದ ಪಾದದವರೆಗೆ ಊದಿಕೊಂಡಿತ್ತು. “ನೀರಾಗ ನಿಂತು ನಿಂತು ಬಾತದ,” ಎಂದಳು, ನಾನು ಕೇಳುವ ಮೊದಲೇ. ಬಾಗಿಲಲ್ಲಿ ನಿಂತ ಖಾಲಾ ಮುಖ ತಿರುಗಿಸಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ನೋಡಿದವಳು ನನ್ನದೇ ವಯಸ್ಸಿನ ವೈದ್ಯೆ. ತಪಾಸಣೆ ಮುಗಿಸಿ ಕೈ ತೊಳೆದುಕೊಂಡು ಬಂದು, ನಮ್ಮಿಬ್ಬರನ್ನೂ ಕೂರಿಸಿ, ಬಿಡಿಸಿ ಹೇಳಿದಳು. ಗರ್ಭಕೋಶದ ಬಾಯಿಯಲ್ಲಿ ಗಡ್ಡೆಯಾಗಿದೆ, ಕ್ಯಾನ್ಸರ್. ಅದಕ್ಕೆ ಮೂಲ ಇನ್ನೊಂದು ವೈರಸ್. ಅದು ಬಹಳಷ್ಟು ಹೆಂಗಸರ ಮೈಗೆ ಎಂದಾದರೊಮ್ಮೆ ಬಂದು ಹೋಗುವಂಥದು. ಹೆಚ್ಚಿನವರಲ್ಲಿ ಮೈಯ ಕಾವಲೇ ಅದನ್ನು ಹೊರದಬ್ಬುತ್ತದೆ. ಕಾವಲು ಸೋತ ಮೈಯಲ್ಲಿ ಅದು ಹೋಗುವುದಿಲ್ಲ, ಮನೆ ಮಾಡುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಮೆಲ್ಲಗೆ ಗಂಟಾಗುತ್ತದೆ. ಎಚ್‌ಐವಿ ಇರುವ ಹೆಂಗಸರಿಗೆ ಈ ಅಪಾಯ ಹೆಚ್ಚೆಂದೇ ಅವರನ್ನು ಮೊದಲಿನಿಂದಲೂ ತಪಾಸಣೆ ಮಾಡುತ್ತಿರಬೇಕು.

“ತಪಾಸಣಿಗಿ ಏನ್ ಬೇಕಿತ್ತು?” ಎಂದು ಕೇಳಿದೆ.

“ಒಂದು ಮಂಚ, ಒಂದು ದೀಪ, ಔಷಧದಲ್ಲಿ ಅದ್ದಿದ ಹತ್ತಿ. ಕೆಲವು ನಿಮಿಷದ ಕೆಲಸ. ಗಂಟಾಗುವ ಮೊದಲೇ ಕಂಡಿದ್ದರೆ ಆಗಲೇ, ಅಲ್ಲೇ ತೆಗೆಯಬಹುದಿತ್ತು.” ವೈದ್ಯೆ ಹಸಿರು ಪುಸ್ತಕ ತಿರುವಿದಳು. “ಇಷ್ಟು ವರ್ಷ ಯಾರೂ ನೋಡಲೇ ಇಲ್ಲವೇ?”

ಹನ್ನೊಂದು ಸಲ ತಡೆಯಿಲ್ಲದೆ ಆಡಿದ ನನ್ನ ನಾಲಿಗೆ ಆ ದಿನ ಏಳಲಿಲ್ಲ.

ಸಣ್ಣವ್ವ ಮಾತ್ರ ಅಪರಾಧಿಯಂತೆ ಕೈಮುಗಿದು, “ನಾ ಒಂದ ದಿನಾನೂ ಗುಳಿಗಿ ಬಿಟ್ಟಿಲ್ರಿ ಅವ್ವಾರ,” ಎಂದಳು. “ಬೇಕಾದ್ರ ಆಕೀನ ಕೇಳ್ರಿ.” ಅವಳು ನಿಜವನ್ನೇ ಹೇಳುತ್ತಿದ್ದಳು. ಜಾತ್ರೆ, ಹಬ್ಬ, ಸಾವು ಯಾವುದಕ್ಕೂ ಅವಳು ಗುಳಿಗೆ ತಪ್ಪಿಸಿದವಳಲ್ಲ. ಒಂದು ವೈರಸ್ಸನ್ನು ಕಟ್ಟಿಹಾಕಲು ತನ್ನ ಪಾಲಿನ ಕೆಲಸವನ್ನು ಅವಳು ಪೂರ್ತಿ ಮಾಡಿದ್ದಳು. ಇನ್ನೊಂದನ್ನು ನೋಡಬೇಕಾದ ಕೆಲಸ ಅವಳದಾಗಿರಲಿಲ್ಲ.

ವಿಕಿರಣದ ಚಿಕಿತ್ಸೆ ಕೆಲವು ವಾರ ನಡೆಯಿತು. ಆಸ್ಪತ್ರೆಯ ಆವರಣದ ಬೇವಿನ ಮರದ ಕೆಳಗೆ ಅವಳು ತನ್ನ ಸರದಿಗೆ ಕಾಯುತ್ತ, ಪಕ್ಕದವರಿಗೆ ನಾಟಿ ಮಾಡುವ ಬಗೆ ಹೇಳಿಕೊಡುತ್ತಿದ್ದಳು. ನೆಲದ ಮೇಲೆ ಕಡ್ಡಿ ಊರಿ ತೋರಿಸುವುದು, ಸಸಿಯ ನಡುವಿನ ಅಂತರ ಬೆರಳಲ್ಲಿ ಅಳೆಯುವುದು. ರಕ್ತ ನಿಂತಿತು. ನಾವು ಆಸೆಪಟ್ಟೆವು. ಆದರೆ ಗಡ್ಡೆ ಒಳಗೆ ಮೂತ್ರದ ನಾಳಗಳನ್ನು ಒತ್ತಿಬಿಟ್ಟಿತ್ತು, ಕಿಡ್ನಿಗಳು ಸೋಲತೊಡಗಿದವು. ಅವಳೇ ಮನೆಗೆ ಕರೆದುಕೊಂಡು ಹೋಗು ಎಂದಳು.

ಮನೆಯಲ್ಲಿ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದಾಗ, ಎದೆಯಲ್ಲಿ ಕಟ್ಟಿಕೊಂಡದ್ದನ್ನು ಹೇಳಿಬಿಟ್ಟೆ. “ಸಣ್ಣವ್ವ, ಆ ಮೇಜಿನ ಮುಂದ ನಾ ಇಲ್ಲ ಇಲ್ಲ ಅಂದೆ. ನಿನ್ನ ಒಂದ ಮಾತ ಕೇಳಲಿಲ್ಲ. ಕೇಳಿದ್ರ ನೀ ಹೇಳ್ತಿದ್ದೇನು?”

ಅವಳು ನನ್ನ ಕೈಯಿಂದ ಬಟ್ಟಲು ತೆಗೆದು ಪಕ್ಕಕ್ಕಿಟ್ಟಳು. “ಹುಚ್ಚಿ. ನೀ ಇಲ್ಲ ಅಂದಾಗ ನಂಗ ಎಷ್ಟ ಹಗುರ ಆಗ್ತಿತ್ತು ಗೊತ್ತೇನು? ಅಷ್ಟ ಮಂದ್ಯಾಗ ನನ್ನ ಮಗಳು ನನ್ನ ಮಾನ ಉಳಸಿದಳು ಅಂತ ಅನಸ್ತಿತ್ತು.”

ನನ್ನನ್ನು ಕ್ಷಮಿಸಲೆಂದು ಅವಳು ಆ ಮಾತು ಹೇಳಿರಬಹುದು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಇದುವರೆಗೆ ಯಾರೂ ಕೊಟ್ಟಿಲ್ಲ.

ಕಾಲುವೆಗೆ ನೀರು ಬಿಟ್ಟ ವಾರ ಅವಳು ಹೋದಳು. ಗುಂಪಿನವರು ಗದ್ದೆಯಿಂದ ಕೆಸರುಗಾಲಲ್ಲೇ ಓಡಿ ಬಂದರು. ಮೀಸುವಾಗ ಅವಳ ಕಾಲುಗಳನ್ನು ತೊಳೆದವಳು ನಾನು. ತಿಂಗಳುಗಟ್ಟಲೆ ಜಿಗಣೆಯ ನೆವ ಹೊತ್ತ ಆ ಮೀನಖಂಡಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಲ್ಲಲ್ಲಿ ಸುಣ್ಣ ಸುಟ್ಟ ಬಿಳಿ ಕಲೆಗಳಿದ್ದವು. ಕಚ್ಚಿದ ಗುರುತು ಒಂದೂ ಇರಲಿಲ್ಲ.

ತಿಂಗಳ ನಂತರ ನಾನು ಒಬ್ಬಳೇ ಯಾದಗಿರಿಗೆ ಹೋದೆ. ಮೇಜಿನ ಹಿಂದೆ ಬೇರೆ ಹೆಣ್ಣುಮಗಳಿದ್ದಳು. ಸಣ್ಣವ್ವನ ದಾಖಲೆ ತೋರಿಸಿ ಎಂದೆ. ದೂರುಗಳ ಕಾಲಮ್ಮಿನಲ್ಲಿ ಸಾಲಾಗಿ ‘ಇಲ್ಲ’, ‘ಇಲ್ಲ’, ‘ಇಲ್ಲ’. ತಪಾಸಣೆಯ ಕಾಲಮ್ಮಿನಲ್ಲಿ ಅಡ್ಡಗೆರೆಗಳು. ಎರಡು ಕಡೆ ‘ಮುಂದಿನ ಸಲ’.

“ಆ ಕೀಲಿ ಎಲ್ಲಿತ್ತು?” ಎಂದು ಕೇಳಿದೆ. ನನ್ನ ದನಿ ಏರಿದ್ದು ಸಾಲಿನವರೆಲ್ಲ ತಿರುಗಿದಾಗಲೇ ನನಗೆ ಗೊತ್ತಾದದ್ದು. “ಮಂಚದ ಮೇಲೆ ಪೆಟ್ಟಿಗೆ ಒಟ್ಟಿದವರು ಯಾರು? ಒಂದು ಹತ್ತಿಯ ತುಣುಕಿಗೆ ಒಂದು ಜೀವ ಎಷ್ಟು ತಿಂಗಳು ಕಾಯಬೇಕು?”

“ನಾ ಬಂದು ಆರ ತಿಂಗಳಾತ್ರಿ ಅಕ್ಕಾರ,” ಎಂದಳು ಅವಳು, ತಗ್ಗಿದ ದನಿಯಲ್ಲಿ. “ನೀವ ಇಲ್ಲ ಅಂತ ಹೇಳೀರಿ ಅಂತ ಇದರಾಗ ಬರದದ.”

ಅದು ಸುಳ್ಳಾಗಿರಲಿಲ್ಲ. ಆದರೆ ಹೆಂಗಸಿನ ಒಳಗಿನ ನೋವನ್ನು ಗಂಡಸರ ಸಾಲಿನ ಮುಂದೆ ಕೇಳಿ, ನಾಚಿಕೆಯಿಂದ ಬಂದ ಉತ್ತರವನ್ನು ಆರೋಗ್ಯವೆಂದು ಬರೆದುಕೊಳ್ಳುವ ವ್ಯವಸ್ಥೆಗೆ ‘ನೀವೇ ಹೇಳಿದ್ದು’ ಎನ್ನುವ ನೈತಿಕ ಹಕ್ಕು ಎಲ್ಲಿಂದ ಬಂತು? ದೂರಿಲ್ಲದವರನ್ನೂ ನೋಡಬೇಕೆಂದೇ ಅಲ್ಲವೇ ತಪಾಸಣೆ ಇರುವುದು? ನೋವು ಕಾಣುವ ಮೊದಲು ನೋಡುವುದೇ ಅದರ ಅರ್ಥವಾದರೆ, ನನ್ನ ‘ಇಲ್ಲ’ ಅವರಿಗೆ ಬಿಡುಗಡೆಯ ಪತ್ರವಾಗಲಾರದು. ಅವರ ಮುಚ್ಚಿದ ಖೋಲಿ ನನಗೂ ಆಗಲಾರದು. ಈ ಮಾತುಗಳನ್ನೇ ಬರೆದು ಮೇಲಿನ ಕಚೇರಿಗೆ ಅರ್ಜಿ ಕೊಟ್ಟೆ. ಹೊಣೆಗಾರರ ಸಾಲಿನಲ್ಲಿ ಮೊದಲು ‘ಮೃತಳ ಅಕ್ಕನ ಮಗಳು, ಅರ್ಜಿದಾರಳು’ ಎಂದು ಬರೆದೆ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬಂತು. ಪೆಟ್ಟಿಗೆಗಳು ಮಂಚದ ಮೇಲೆಯೇ ಇದ್ದವು.

ಮತ್ತೆ ನಾಟಿಯ ಹಂಗಾಮು. ಬದುವಿನ ಮೇಲಿಂದ ಸಸಿಯ ಕಟ್ಟು ಎಸೆಯುತ್ತಿದ್ದಾಗ, ಸಣ್ಣವ್ವ ನಿಲ್ಲುತ್ತಿದ್ದ ಜಾಗದಲ್ಲಿದ್ದ ಹೊಸ ಹೆಂಗಸಿನ ಕಾಲಲ್ಲಿ ರಕ್ತದ ಎಳೆ ಕಂಡೆ.

“ಜಿಗಣಿ,” ಎಂದಳು ಅವಳು, ನನ್ನ ಕಣ್ಣು ಕಂಡು.

ನಾನು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದೆ. “ತೋರಸ್ರಿ.”

ಅವಳು ಗಾಬರಿಯಿಂದ ಖಾಲಾಳತ್ತ ನೋಡಿದಳು. “ತೋರಸು,” ಎಂದಳು ಖಾಲಾ. ಅವಳ ದನಿಯಲ್ಲಿ ಹಾಸ್ಯವಿರಲಿಲ್ಲ.

ಹೆಂಗಸು ಕಾಲೆತ್ತಿದಳು. ಜಿಗಣೆಯೇ. ಕಪ್ಪಗೆ, ದಪ್ಪಗೆ, ಹೊಳೆಯುತ್ತ ಅಂಟಿಕೊಂಡಿತ್ತು. ಖಾಲಾ ಸುಣ್ಣ ಇಟ್ಟಳು. ಅದು ಮುದುಡಿ ಉದುರಿತು. ಯಾರೋ ನಕ್ಕರು. ಕಚ್ಚಿದಲ್ಲಿ ಮೂರು ಗೆರೆ ಕೂಡಿದ ಒಂದು ಸಣ್ಣ ಗುರುತು ಉಳಿಯಿತು. ನಾನು ಅದನ್ನೇ ನೋಡುತ್ತ ಕೆಸರಿನಲ್ಲಿ ನಿಂತೆ. ಇಷ್ಟು ಚಿಕ್ಕ ಗುರುತು. ಇದು ಇದೆಯೋ ಇಲ್ಲವೋ ಎಂದು ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಖಾಲಾ ಬೆನ್ನು ನೆಟ್ಟಗೆ ಮಾಡಿದಳು. “ಮುಂದಿನ ಸೋಮವಾರ ನಾಟಿ ಇಲ್ಲ,” ಎಂದಳು. “ಎಲ್ಲಾರೂ ಒಳಗಿನ ತಪಾಸಣಿಗಿ ಯಾದಗಿರಿಗಿ ಹೋಗೋಣು.”

“ನಮಗೇನ ಆಗ್ಯದ ಖಾಲಾ?”

“ಏನೂ ಆಗಿಲ್ಲ. ಅದಕ್ಕ ಹೋಗೋಣು ಅಂತೀನಿ. ಹನ್ನೆರಡು ಮಂದಿ ಹೋದ್ರ ಯಾರಿಗಿ ಏನದ ಅಂತ ಯಾವನಿಗಿ ಗೊತ್ತಾಗ್ತದ?”

ಹೋದೆವು. ಕೀಲಿ ಇಲ್ಲ ಎಂದರು. ಖಾಲಾ ಆ ಖೋಲಿಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಉಳಿದವರು ಪಡಸಾಲೆಯ ಉದ್ದಕ್ಕೂ ಸಾಲಾಗಿ ಕುಳಿತರು. ದಾರಿ ಬಿಡಿ ಎಂದರು. ಬಿಡಲಿಲ್ಲ. ದೊಡ್ಡ ಡಾಕ್ಟರು ಬಂದು ಕೇಳಿದಾಗ ಖಾಲಾ, “ಕೀಲಿ ಬರಲಿ ಸಾಹೇಬ್ರ, ಅಲ್ಲೀತನಕ ಇಲ್ಲೇ ಕುಂದ್ರತೀವಿ,” ಎಂದಳು, ಅವರಿಗೂ ಒಂದು ಎಲೆ ಚಾಚುತ್ತ.

ಅರ್ಧ ತಾಸಿನಲ್ಲಿ ಕೀಲಿ ಸಿಕ್ಕಿತು. ಅದು ಪ್ರಶ್ನೆ ಕೇಳುವ ಅದೇ ಮೇಜಿನ ಖಾನೆಯಲ್ಲಿತ್ತು, ನಾನು ಹನ್ನೊಂದು ಸಲ ಕೈಯೂರಿ ನಿಂತ ಜಾಗದಿಂದ ಒಂದು ಮೊಳ ದೂರದಲ್ಲಿ.